ಕುರಿಗಳು ರಸ್ತೆ ದಾಟಿದ ರೀಲು

ಸಿನಿಮಾ ನೋಡಿ ಹೊರಗೆ ಬರುವವರು ನಾಯಕನನ್ನು ಹೊಗಳುತ್ತಾರೆ, ಹಾಡು ಗುನುಗುತ್ತಾರೆ, ಹಿಡಿಸದಿದ್ದರೆ ನಿರ್ದೇಶಕನನ್ನು ಬೈಯುತ್ತಾರೆ. ಮೇಲೆ ಕ್ಯಾಬಿನ್ನಿನಲ್ಲಿ ನಿಂತು ಅದನ್ನು ತೋರಿಸಿದ ಆಪರೇಟರ್ ಯಾರಿಗೂ ನೆನಪಾಗುವುದಿಲ್ಲ. ಪರದೆಯ ಮೇಲೆ ಚಿತ್ರ ನಿಂತುಹೋದಾಗ ಮಾತ್ರ ನೆನಪಾಗುತ್ತಾನೆ. ಆಗಲೂ ಜನ ಕೂಗುವುದು ಅವನ ಹೆಸರನ್ನಲ್ಲ, ಅವನ ತಾಯಿಯ ವಿಚಾರವನ್ನು. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾನು ಮೊದಲು ಹೇಳುವ ಮಾತು ಇದು. ನೀವು ಚೆನ್ನಾಗಿ ಕೆಲಸ ಮಾಡಿದ ದಿನ ಅಲ್ಲಿ ನೀವೊಬ್ಬರಿದ್ದೀರಿ ಅನ್ನುವುದೇ ಯಾರಿಗೂ ತಿಳಿಯುವುದಿಲ್ಲ.

ನಾನು ಹಿರಿಯೂರಿನವನು. ಧರ್ಮಪುರದ ಟೆಂಟ್ ಸಿನಿಮಾದಲ್ಲಿ ಕೆಲಸ ಕಲಿತು, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗಗಳಲ್ಲಿ ದುಡಿದು, ಕೊನೆಗೆ ನಮ್ಮ ಕಡೆ ಬರೀ ದುರ್ಗ ಅನ್ನುವ ಚಿತ್ರದುರ್ಗದ ಚಿತ್ರಮಂದಿರವೊಂದರಲ್ಲಿ ನಿವೃತ್ತನಾದೆ. ಆ ಚಿತ್ರಮಂದಿರಗಳಲ್ಲಿ ಒಂದು ಈಗ ಕಲ್ಯಾಣ ಮಂಟಪ, ಇನ್ನೊಂದು ಸಿಮೆಂಟಿನ ಗೋದಾಮು. ಅದಕ್ಕೆ ಅಳುತ್ತಾ ಕೂರುವ ಸ್ವಭಾವ ನನ್ನದಲ್ಲ. ಮದುವೆಗೂ ಜಾಗ ಬೇಕು, ಸಿಮೆಂಟಿಗೂ ಬೇಕು.

ಧರ್ಮಪುರದಲ್ಲಿ ನನಗೆ ಕೆಲಸ ಕಲಿಸಿದವರು ದಸ್ತಗೀರ್ ಸಾಹೇಬರು. ಟೆಂಟಿನ ಆಪರೇಟರ್. ಒಂದೇ ಮಿಷನ್ನು, ಹೀಗಾಗಿ ಪ್ರತಿ ರೀಲು ಮುಗಿದ ಮೇಲೆ ದೀಪ ಹಾಕಿ, ಮುಂದಿನ ರೀಲು ಏರಿಸುವ ತನಕ ಜನ ಕಾಯಬೇಕು. ಬೆಳಕಿಗೆ ಕಾರ್ಬನ್ ಕಡ್ಡಿ. ಎರಡು ಕಡ್ಡಿಗಳ ತುದಿ ಹತ್ತಿರ ತಂದು ಕಿಡಿ ಹೊತ್ತಿಸಿ, ಅವು ಉರಿದು ಸವೆದ ಹಾಗೆಲ್ಲ ಕೈಯಲ್ಲಿ ತಿರುಗಿಸುತ್ತಾ ಅಂತರ ಸರಿಮಾಡುತ್ತಿರಬೇಕು. ಸ್ವಲ್ಪ ಮರೆತರೆ ಪರದೆ ಮೇಲೆ ನಾಯಕಿಯ ಮುಖ ಹಳದಿಯಾಗುತ್ತದೆ, ಇನ್ನೂ ಮರೆತರೆ ಕತ್ತಲಾಗುತ್ತದೆ. ಫಿಲಂ ತುಂಡಾದರೆ ಬ್ಲೇಡಿನಿಂದ ತುದಿ ಕೆರೆದು, ಅಂಟು ಹಚ್ಚಿ, ಬೆರಳಲ್ಲಿ ಒತ್ತಿ ಹಿಡಿದು ಕೂಡಿಸುವುದನ್ನೂ ಅವರೇ ಕಲಿಸಿದರು.

ಆ ಸೀಮೆಯೆಲ್ಲ ಕಡಲೆಕಾಯಿ ಬೆಳೆಯುವವರು. ಮಡಿಲು ತುಂಬ ಕಾಯಿ ಕಟ್ಟಿಕೊಂಡೇ ಸಿನಿಮಾಕ್ಕೆ ಬರುತ್ತಿದ್ದರು. ಅರ್ಧ ಜನ ಮನೆಯಲ್ಲಿ ತೆಲುಗು ಮಾತಾಡುವವರು. ಒಂದು ದಿನ ನಾನು ಸಾಹೇಬರಿಗೆ, ಈ ಸಿನಿಮಾ ಚೆನ್ನಾಗಿಲ್ಲ ಅಂದೆ. ಅವರು ಕಡ್ಡಿಯ ಮೇಲಿನ ಕಣ್ಣು ತೆಗೆಯದೆ ಹೇಳಿದರು:

“ನಿನ್ನ ಯಾರು ಕೇಳಿದ್ರು? ಕಿವಿಗೊಟ್ಟು ಕೇಳು. ಕಾಯಿ ಒಡಿಯೋ ಸದ್ದು ಬರ್ತಾ ಇದ್ರೆ ಜನಕ್ಕೆ ಬೇಜಾರಾಗೈತೆ ಅಂತ. ಸದ್ದು ನಿಂತ್ರೆ ಸಿನಿಮಾ ಹಿಡಿದೈತೆ ಅಂತ. ಅವರಿಗೆ ಗೊತ್ತಾಗ್ತೈತೆ. ನಮ್ಮ ಕೆಲಸ ಬೆಳಕು ಕೊಡೋದು.”

ಅದು ನಿಜವಾಗಿತ್ತು. ಮಾತು ಅರ್ಥವಾಗದ ಅಜ್ಜಿಯರೂ ಕೆಲವು ದೃಶ್ಯ ಬಂದಾಗ ಕೈಯಲ್ಲಿ ಹಿಡಿದ ಕಾಯಿಯನ್ನು ಹಾಗೇ ಹಿಡಿದು ಕೂತಿರುತ್ತಿದ್ದರು. ದೊಡ್ಡ ದೊಡ್ಡ ಹೊಡೆದಾಟದ ನಡುವೆ ಚಟಪಟ ಸದ್ದು ನಿಲ್ಲುತ್ತಲೇ ಇರಲಿಲ್ಲ. ಸಾಹೇಬರ ಮಾತನ್ನು ಆಗಲೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆ ನಾನು ಮುಂದೊಂದು ತಪ್ಪು ಮಾಡುತ್ತಿರಲಿಲ್ಲ.

ಅದಕ್ಕೂ ಮೊದಲು ಬೇರೆ ತಪ್ಪುಗಳಾದವು. ಹಿರಿಯೂರಿನಲ್ಲಿ ಎರಡು ಮಿಷನ್ನುಗಳಿದ್ದವು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲಮೂಲೆಯಲ್ಲಿ ಸಣ್ಣ ಚುಕ್ಕೆ ಮಿಂಚುತ್ತದೆ, ಆಗ ಇನ್ನೊಂದನ್ನು ಓಡಿಸಬೇಕು. ಒಂದು ಶುಕ್ರವಾರ ರೀಲಿನ ಡಬ್ಬಿಗಳ ಮೇಲಿನ ಚೀಟಿಯ ಬರಹ ಅಳಿಸಿಹೋಗಿತ್ತು. ನಾನು ಅಂದಾಜಿನ ಮೇಲೆ ಎಂಟನೆಯದೆಂದುಕೊಂಡು ಒಂಬತ್ತನೆಯ ರೀಲು ಏರಿಸಿದೆ. ನಾಯಕನ ಹೆಣ ಹೊರುವುದು ಮೊದಲು ಬಂತು, ಅವನ ಮದುವೆ ಆಮೇಲೆ. ಜನ ದಂಗೆಯೇಳುತ್ತಾರೆಂದು ನಾನು ಬಾಗಿಲಿಗೆ ಚಿಲಕ ಹಾಕಿಕೊಂಡು ಕಾದೆ. ಯಾರೂ ಏಳಲಿಲ್ಲ. ಆಟ ಬಿಟ್ಟಾಗ ಕಿಟಕಿಯ ಕೆಳಗೆ ಇಬ್ಬರು ಹೆಂಗಸರು ಮಾತಾಡಿಕೊಂಡು ಹೋದರು.

“ಸತ್ತೋನು ಎದ್ದು ಬಂದು ತಾಳಿ ಕಟ್ತಾನಲ್ಲೇ, ಇದ್ಯಾವ ಸೀಮೆ ಕಥೆ?” ಅಂದಳು ಒಬ್ಬಳು.

“ಅದು ಅವಳಿಗೆ ಬಿದ್ದ ಕನಸು ಕಣೇ. ಅಷ್ಟೂ ಗೊತ್ತಾಗಲಿಲ್ವಾ ನಿನಗೆ?” ಅಂದಳು ಇನ್ನೊಬ್ಬಳು.

ಆ ಎರಡನೆಯ ಹೆಂಗಸಿಗೆ ನಾನು ಇವತ್ತಿಗೂ ಋಣಿ. ಮರುದಿನದಿಂದ ಪ್ರತಿ ಡಬ್ಬಿಯ ಮೇಲೂ ಸೀಮೆಸುಣ್ಣದಲ್ಲಿ ದಪ್ಪಗೆ ಅಂಕಿ ಬರೆಯತೊಡಗಿದೆ. ಅಂದಾಜಿನ ಮೇಲೆ ಕೆಲಸ ಮಾಡಬೇಡಿ. ಜನ ಕ್ಷಮಿಸುತ್ತಾರೆ, ಆದರೆ ಪ್ರತಿ ಸಲವೂ ಕನಸೆಂದು ಹೇಳುವವರು ಪಕ್ಕದಲ್ಲಿರುವುದಿಲ್ಲ.

ಹೊಳಲ್ಕೆರೆಗೆ ಹೋದ ಮೇಲೆ ನಡೆದದ್ದು ಬೇರೆ ತರಹದ್ದು. ಅಲ್ಲಿಗೆ ಸಿನಿಮಾದ ಪ್ರಿಂಟು ರೈಲಿನಲ್ಲಿ ಬರುತ್ತಿತ್ತು, ಎರಡು ತಗಡಿನ ಪೆಟ್ಟಿಗೆಗಳಲ್ಲಿ. ಒಂದು ಸಲ ಒಂದೇ ಪೆಟ್ಟಿಗೆ ಬಂತು. ವಿಚಾರಿಸಿದರೆ, ಸಿನಿಮಾದ ಉತ್ತರಾರ್ಧವನ್ನು ಹಿಂದಿನ ನಿಲ್ದಾಣ ರಾಮಗಿರಿಯಲ್ಲಿ ಇಳಿಸಿಬಿಟ್ಟಿದ್ದರು. ಮ್ಯಾಟ್ನಿಗೆ ಜನ ತುಂಬಿ ಕೂತಿದ್ದರು. ಮೋಟಾರ್ ಸೈಕಲ್ಲಿನಲ್ಲಿ ಒಬ್ಬರನ್ನು ರಾಮಗಿರಿಗೆ ಅಟ್ಟಿ, ಇದ್ದ ಅರ್ಧವನ್ನು ಶುರುಮಾಡಿದೆವು. ಇಂಟರ್‌ವಲ್ ಬಂತು, ಪೆಟ್ಟಿಗೆ ಬರಲಿಲ್ಲ. ಬೆಂಚು ಬಡಿಯುವುದು ಶುರುವಾಯಿತು. ಮ್ಯಾನೇಜರು ಬೆವರೊರೆಸಿಕೊಳ್ಳುತ್ತಾ ಮೇಲೆ ಬಂದರು.

“ನೀನು ಈ ಸಿನಿಮಾನ ದುರ್ಗದಾಗೆ ನೋಡೀಯಲ್ಲ? ಮೈಕ್ ತಗಾ. ಪೆಟ್ಟಿಗೆ ಬರೋತನಕ ಮುಂದಿನ ಕಥೆ ಹೇಳು.”

ನಾನು ಪರದೆಯ ಮುಂದೆ ನಿಂತು ಕಥೆ ಹೇಳಿದೆ. ಮೊದಲು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಂತರ ಹುರುಪು ಬಂತು. ಆ ಸಿನಿಮಾದಲ್ಲಿ ಮನೆಯ ಹಿರಿಸೊಸೆ, ಎಲ್ಲರಿಗೂ ಬಡಿಸಿ ತಾನು ಕೊನೆಗೆ ಉಣ್ಣುವವಳು, ಸುಮ್ಮಸುಮ್ಮನೆ ಸಾಯುತ್ತಾಳೆ. ಅವಳನ್ನು ಸಾಯಿಸಿದ್ದು ನನಗೆ ಹಿಡಿಸಿರಲಿಲ್ಲ. ಹೀಗಾಗಿ ನನ್ನ ಕಥೆಯಲ್ಲಿ ಅವಳನ್ನು ಉಳಿಸಿದೆ, ಮೈದುನ ಬಂದು ಕಾಲಿಗೆ ಬೀಳುವ ಹಾಗೆ ಮಾಡಿದೆ. ಹೆಂಗಸರ ಕಡೆಯಿಂದ ಮೂಗು ಸೀಟುವ ಸದ್ದು ಕೇಳಿಸಿತು. ಅಷ್ಟರಲ್ಲಿ ಪೆಟ್ಟಿಗೆ ಬಂತು, ರೀಲು ಏರಿಸಿದೆ. ಪರದೆಯ ಮೇಲೆ ಅವಳು ಸತ್ತಳು.

ಆಟ ಬಿಟ್ಟ ಮೇಲೆ ಕ್ಯಾಂಟೀನಿನ ಹತ್ತಿರ ಕೆಲವರು, “ಆಪರೇಟರ್ ಹೇಳಿದ್ದೇ ಚೆನ್ನಾಗಿತ್ತು” ಅಂದರು. ಒಬ್ಬ ಮುದುಕ ಮಾತ್ರ ನನ್ನ ತೋಳು ಹಿಡಿದು ನಿಲ್ಲಿಸಿದ.

“ಯಾಕಪ್ಪ ಸುಳ್ಳು ಹೇಳಿದೆ? ಆಯಮ್ಮ ಬದುಕ್ತಾಳೆ ಅಂತ ನಂಬ್ಕಂಡು ಕುಂತಿದ್ದೆ ನಾನು.”

ಮುದುಕನ ಮಾತನ್ನು ನಾನು ಅಲ್ಲೇ ಬಿಟ್ಟೆ. ಹೊಗಳಿದವರ ಮಾತನ್ನು ಮನೆಗೆ ತಂದೆ. ಅಂದಿನಿಂದ ಯಾವ ದೃಶ್ಯ ಇರಬೇಕು, ಯಾವುದು ಇರಬಾರದು ಎನ್ನುವುದು ಸಿನಿಮಾ ಮಾಡಿದವರಿಗಿಂತ ನನಗೇ ಚೆನ್ನಾಗಿ ಗೊತ್ತೆಂಬ ಭ್ರಮೆ ತಲೆಗೇರಿತು.

ಈ ಭ್ರಮೆಯೊಂದಿಗೇ ಹೊಸದುರ್ಗಕ್ಕೆ ಹೋದೆ. ಅಲ್ಲಿನ ಮ್ಯಾನೇಜರು ತಿಪ್ಪೇಸ್ವಾಮಿಯವರು. ಮಾತು ಕಡಿಮೆ, ಶಿಸ್ತು ಜಾಸ್ತಿ. ಒಮ್ಮೆ ಉದ್ದನೆಯ ಸಿನಿಮಾವೊಂದು ಬಂತು. ಮ್ಯಾಟ್ನಿ ಮುಗಿಯುವ ಮೊದಲೇ ಶ್ರೀರಾಂಪುರದ ಕಡೆಯ ಬಸ್ಸು ಹೊರಟುಬಿಡುತ್ತಿತ್ತು. ಜನ ಕೊನೆಯ ಭಾಗ ಬಿಟ್ಟು ಎದ್ದು ಓಡುತ್ತಿದ್ದರು. ತಿಪ್ಪೇಸ್ವಾಮಿಯವರು, “ಏಳೆಂಟು ನಿಮಿಷ ಕಡಿಮೆ ಮಾಡಪ್ಪ. ಯಾವುದು ಬೇಡ ಅನ್ನೋದು ನಿನಗೇ ಗೊತ್ತಿರ್ತೈತೆ” ಅಂದರು.

ನನಗೆ ಅಷ್ಟು ಸಾಕಾಯಿತು. ಆ ಕಾಲದಲ್ಲಿ ಹೀಗೆ ಕತ್ತರಿಸುವುದು ಹಲವು ಕಡೆ ನಡೆಯುತ್ತಿತ್ತು. ತುಂಡನ್ನು ಸುತ್ತಿಟ್ಟು, ಪ್ರಿಂಟು ಮುಂದಿನ ಊರಿಗೆ ಹೋಗುವಾಗ ಮತ್ತೆ ಕೂಡಿಸುವುದು ರೂಢಿ. ನಾನು ಒಂದು ಹಾಡು ತೆಗೆದೆ. ಅದರ ಜೊತೆಗೆ ಇಂಟರ್‌ವಲ್ಲಿಗಿಂತ ಮುಂಚಿನ ಇನ್ನೊಂದು ದೃಶ್ಯವನ್ನೂ ತೆಗೆದೆ. ನಾಯಕ ಕಾರಿನಲ್ಲಿ ಹೋಗುತ್ತಿರುತ್ತಾನೆ, ಒಂದು ಕುರಿಹಿಂಡು ರಸ್ತೆ ದಾಟುತ್ತದೆ, ಅದು ದಾಟುವ ತನಕ ಅವನು ಕಾಯುತ್ತಾನೆ. ಸುಮಾರು ಎರಡು ನಿಮಿಷ. ಮಾತಿಲ್ಲ, ಹಾಡಿಲ್ಲ. ಕಥೆಗೆ ಏನೂ ಸಂಬಂಧವಿಲ್ಲವೆಂದು ನನಗನಿಸಿತು. ಆ ತುಂಡಿಗೆ ದಾರ ಕಟ್ಟಿ ಕ್ಯಾಬಿನ್ನಿನ ಗೋಡೆಯ ಮೊಳೆಗೆ ನೇತುಹಾಕಿದೆ. ಆಟ ಸರಿಯಾದ ಹೊತ್ತಿಗೆ ಮುಗಿಯಿತು, ಬಸ್ಸು ಸಿಕ್ಕಿತು, ಎಲ್ಲರೂ ನೆಮ್ಮದಿಯಾಗಿದ್ದರು.

ಮೂರನೆಯ ದಿನ ಮ್ಯಾಟ್ನಿಯ ಇಂಟರ್‌ವಲ್ಲಿನಲ್ಲಿ ಯಾರೋ ಕ್ಯಾಬಿನ್ನಿನ ಮೆಟ್ಟಿಲು ಹತ್ತಿ ಬಂದರು. ಹೆಗಲ ಮೇಲೆ ಕಂಬಳಿ, ಮೂವತ್ತರ ಆಸುಪಾಸು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತ. ಹೆಸರು ಈರಣ್ಣ, ಶ್ರೀರಾಂಪುರದ ಕಡೆಯವನು, ಕುರಿ ಸಾಕುವವನು.

“ಅಣ್ಣಾ, ಈ ಸಿನಿಮಾದಾಗೆ ಕುರಿ ದಾಟೋದು ಒಂದು ಐತೆ. ಇಂಟರ್‌ವಲ್ಲಿಗೆ ಮುಂಚೆನೇ ಬರಬೇಕಿತ್ತು. ನಾನು ದುರ್ಗದಾಗೆ ನೋಡಿದ್ದೆ. ಇಲ್ಲಿ ಬರಲೇ ಇಲ್ಲ.”

ನಾನು ಅಸಡ್ಡೆಯಿಂದಲೇ, “ಅದು ಇಲ್ಲಿ ಇಲ್ಲ. ಉದ್ದ ಆಗ್ತಿತ್ತು, ತೆಗೆದೀವಿ” ಅಂದೆ.

ಅವನು ಜಗಳಕ್ಕೆ ಬರಲಿಲ್ಲ. “ಆ ಕುರಿ ನಮ್ಮವಣ್ಣ. ಮುಂದೆ ನಡಿಯೋರು ನಮ್ಮಪ್ಪ” ಅಂದ.

ಆ ದೃಶ್ಯವನ್ನು ಅವರ ಊರಿನ ಹತ್ತಿರದ ರಸ್ತೆಯಲ್ಲೇ ತೆಗೆದಿದ್ದರಂತೆ. ಸಿನಿಮಾ ಬಿಡುಗಡೆಯಾಗುವ ಮೊದಲೇ ಅಪ್ಪ ತೀರಿಕೊಂಡಿದ್ದ. ಮನೆಯಲ್ಲಿ ಅವನದೊಂದು ಫೋಟೋ ಕೂಡ ಇರಲಿಲ್ಲ. ಈರಣ್ಣ ಕುರಿ ಮಾರಲು ದುರ್ಗಕ್ಕೆ ಹೋದವನು ಸಿನಿಮಾ ನೋಡಿ ಬಂದು ತಾಯಿಗೆ ಹೇಳಿದ್ದ. ಅವಳು ಯಾವತ್ತೂ ಸಿನಿಮಾ ನೋಡಿದವಳಲ್ಲ. ಹೊಸದುರ್ಗಕ್ಕೆ ಬರಲಿ, ಆಗ ಹೋಗಾಣ ಎಂದು ದಿನ ಎಣಿಸುತ್ತಿದ್ದಳಂತೆ.

“ನಮ್ಮವ್ವ ಕೆಳಗೆ ಕುಂತೈತೆ. ನಿಮ್ಮಪ್ಪ ಎಲ್ಲಿ, ನಿಮ್ಮಪ್ಪ ಎಲ್ಲಿ ಅಂತ ಆಗಿಂದ ಕೇಳ್ತೈತೆ. ನಾಳೆ ಕುರಿ ಹೊಡ್ಕಂಡು ದೂರ ಹೋಗಬೇಕು ನಾವು. ಮತ್ತೆ ಬರಕಾಗಲ್ಲ.”

ಗೋಡೆಯ ಮೊಳೆಗೆ ನೇತುಹಾಕಿದ್ದ ಆ ತುಂಡು ಅವನ ತಲೆಯ ಪಕ್ಕದಲ್ಲೇ ಇತ್ತು. ಅದನ್ನು ತೋರಿಸುವಾಗ ನನಗಾದ ನಾಚಿಕೆಯನ್ನು ಈಗ ಬರೆಯುವಾಗಲೂ ಮೈಮೇಲೆ ಅನುಭವಿಸುತ್ತಿದ್ದೇನೆ.

ಕೆಳಗೆ ಜಾಹೀರಾತಿನ ಸ್ಲೈಡುಗಳು ಮುಗಿಯುತ್ತಾ ಬಂದಿದ್ದವು. ತುಂಡನ್ನು ಅದರ ಜಾಗಕ್ಕೆ ಸೇರಿಸಲು ಸಾಧ್ಯವಿರಲಿಲ್ಲ, ಆ ರೀಲು ಓಡಿ ಮುಗಿದಿತ್ತು. ಇಂಟರ್‌ವಲ್ ಆದ ಮೇಲಿನ ಮೊದಲ ರೀಲನ್ನು ಮಿಷನ್ನಿನಿಂದ ಬಿಚ್ಚಿ, ಅದರ ತಲೆಗೆ ಈ ಎರಡು ನಿಮಿಷವನ್ನು ಕೂಡಿಸತೊಡಗಿದೆ. ಸಾವಿರ ಸಲ ಮಾಡಿದ ಕೆಲಸ, ಆದರೂ ಅಂದು ಬ್ಲೇಡು ಜಾರಿ ಬೆರಳು ಕೊಯ್ದುಕೊಂಡೆ. ಕೆಳಗೆ ಸಿಳ್ಳೆ ಶುರುವಾಯಿತು. ತಿಪ್ಪೇಸ್ವಾಮಿಯವರು ಮೆಟ್ಟಿಲ ಬುಡದಿಂದ, “ಏನಪ್ಪ ತಡ?” ಎಂದು ಕೂಗಿದರು. “ಎರಡು ನಿಮಿಷ ಸಾರ್” ಅಂದೆ. ಅಂಟು ಒಣಗಲು ಕೊಡಬೇಕಾದಷ್ಟು ಹೊತ್ತು ಕೊಡಲಿಲ್ಲ. ಮಿಷನ್ನಿನಲ್ಲಿ ಅದು ಹರಿದರೆ ಆ ತುಂಡು ಹೋದ ಹಾಗೆಯೇ.

ಈರಣ್ಣ ಮೆಟ್ಟಿಲು ಇಳಿಯುವ ಮೊದಲು ತಿರುಗಿ ಕೇಳಿದ. “ಅಣ್ಣಾ, ನಮ್ಮಪ್ಪ ಬಂದಾಗ ಒಂಚೂರು ನಿಲ್ಸಕಾಗ್ತೈತಾ?”

“ಇಲ್ಲಪ್ಪ. ನಿಲ್ಸಿದ್ರೆ ಬಿಸಿಗೆ ಸುಟ್ಟೋಗ್ತೈತೆ.”

“ಹಂಗಾರೆ ಬ್ಯಾಡ” ಅಂದು ಓಡಿ ಹೋದ.

ಮಿಷನ್ನು ಶುರುಮಾಡಿದೆ. ಕೂಡಿಸಿದ ಜಾಗ ಟಕ್ಕೆಂದು ದಾಟಿತು, ಹರಿಯಲಿಲ್ಲ. ನಾನು ಕಿಂಡಿಯಿಂದ ನೋಡಿದೆ. ಆ ದೃಶ್ಯವನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ಧೂಳಿನಲ್ಲಿ ಕುರಿಗಳು ಒಂದನ್ನೊಂದು ನೂಕಿಕೊಂಡು ಬಂದವು. ಅವುಗಳ ಮುಂದೆ ತೆಳ್ಳಗಿನ ಉದ್ದನೆಯ ಮನುಷ್ಯ, ತಲೆಗೆ ರುಮಾಲು, ಕೈಯಲ್ಲಿ ಕೋಲು. ಅವನು ಕಾರಿನ ಕಡೆಗೆ ಒಮ್ಮೆಯೂ ನೋಡಲಿಲ್ಲ. ನಡುರಸ್ತೆಯಲ್ಲಿ ನಿಂತು, ಹಿಂದೆ ಉಳಿದ ಒಂದು ಮರಿಗಾಗಿ ಕಾದ. ಅದು ಬಂದು ಸೇರಿದ ಮೇಲೆ ಮುಂದೆ ನಡೆದ. ಜಾಗ ತಪ್ಪಿ ಬಂದ ದೃಶ್ಯಕ್ಕೆ ಯಾರೂ ಗೊಣಗಲಿಲ್ಲ. ಹೊಸದುರ್ಗದ ಜನಕ್ಕೆ ಗೊತ್ತಿದ್ದ ರಸ್ತೆ ಅದು. “ನಮ್ಮ ಕಡೇದು” ಎಂದು ಒಬ್ಬಿಬ್ಬರು ಅಂದದ್ದು ಬಿಟ್ಟರೆ ಎಲ್ಲರೂ ಸುಮ್ಮನೆ ನೋಡುತ್ತಿದ್ದರು.

ಆಟ ಬಿಟ್ಟ ಮೇಲೆ ನಾನು ಕೆಳಗಿಳಿದು ಬಂದೆ. ತಾಯಿ ಮಗ ಗೋಡೆಯ ಬದಿಗೆ ನಿಂತಿದ್ದರು. ಕ್ಷಮೆ ಕೇಳಬೇಕೆಂದು ಬಂದವನು, “ಕಾಣಿಸ್ತೇನಮ್ಮ?” ಎಂದಷ್ಟೇ ಕೇಳಿದೆ.

ಅವಳು ಅಳುತ್ತಿರಲಿಲ್ಲ. ಏನನ್ನೋ ಲೆಕ್ಕ ಹಾಕುವವಳ ಹಾಗೆ ನೆಲ ನೋಡುತ್ತಿದ್ದಳು.

“ಕಾಣಿಸ್ತಪ್ಪ. ಎಡಗಾಲು ಎಳೀತಿದ್ದ. ನೋಡಿದ್ಯಾ ನೀನು?”

ನಾನು ನೋಡಿರಲಿಲ್ಲ.

“ಎಳೀತಿದ್ದ” ಅಂದಳು ಮತ್ತೆ. “ಕಾಲು ನೋವು ಅಂತ ಹಾಸಿಗೆ ಹಿಡಿದಿದ್ದು ಹಬ್ಬ ಆದಮ್ಯಾಲೆ. ಅದಕ್ಕೂ ಎಷ್ಟೋ ಮುಂಚೇದು ಇದು. ಆಗ್ಲೇ ನೋಯ್ತಿತ್ತು ಅವನಿಗೆ. ನಮಗ್ಯಾರಿಗೂ ಹೇಳಲಿಲ್ಲ. ದಿನಾ ನೋಡ್ತಿದ್ದೆ, ನನಗೂ ಗೊತ್ತಾಗಲಿಲ್ಲ.”

ಈರಣ್ಣ ಅವಳ ಭುಜ ಹಿಡಿದ. “ಸಂಜೆ ಫಸ್ಟ್ ಶೋಗೂ ಬರ್ತೈತೇನಣ್ಣ? ಅವ್ವ, ಇನ್ನೊಂದ್ಸಲ ನೋಡ್ತೀಯಾ?”

“ಬ್ಯಾಡ ಬಿಡು. ನೋಡಿದ್ನಲ್ಲ” ಅಂದಳು. ಇಬ್ಬರೂ ಬಸ್ಸಿನ ಕಡೆಗೆ ಹೊರಟರು. ಅವಳು ನಿಧಾನವಾಗಿ ನಡೆಯುತ್ತಿದ್ದಳು, ಬಸ್ಸಿನವನು ಕಾದ.

ತಿಪ್ಪೇಸ್ವಾಮಿಯವರಿಗೆ ಎಲ್ಲವನ್ನೂ ಹೇಳಿದೆ. ಬೈಗುಳ ತಿನ್ನಲು ಸಿದ್ಧನಾಗಿಯೇ ನಿಂತಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಅದನ್ನ ಅದರ ಜಾಗಕ್ಕೆ ಸೇರಿಸು. ಬಸ್ಸಿನ ವಿಚಾರ ನಾನು ನೋಡ್ಕಂತೀನಿ” ಅಂದರು. ಮರುದಿನದಿಂದ ಮ್ಯಾಟ್ನಿಯನ್ನು ಹತ್ತು ನಿಮಿಷ ಮೊದಲು ಶುರುಮಾಡಿದೆವು. ಅಷ್ಟು ಸುಲಭದ ಉಪಾಯ ನಮಗಿಬ್ಬರಿಗೂ ಮೊದಲೇ ಹೊಳೆದಿರಲಿಲ್ಲ.

ಆಮೇಲೆ ನಾನು ನನ್ನ ಇಷ್ಟಕ್ಕೆ ಯಾವ ದೃಶ್ಯವನ್ನೂ ಕತ್ತರಿಸಲಿಲ್ಲ. ಸಿನಿಮಾಗಳ ಬಗ್ಗೆ ಅಭಿಪ್ರಾಯ ಬಿಟ್ಟೆನೆಂದು ಇದರರ್ಥವಲ್ಲ. ಈಗಲೂ ಇದೆ. ಈಗಿನ ಸಿನಿಮಾಗಳಲ್ಲಿ ಯಾರೂ ಯಾರಿಗೂ ಕಾಯುವುದಿಲ್ಲ, ಬಾಗಿಲು ತಟ್ಟುವ ಮೊದಲೇ ಒಳಗೆ ಬಂದಿರುತ್ತಾರೆ. ನಾಯಕ ನಡೆದು ಬಂದರೆ ಸಾಕು, ಎದೆ ನಡುಗುವಷ್ಟು ಸದ್ದು. ಸದ್ದು ಜೋರಾದ ಕಡೆ ಕಥೆ ತೆಳುವಾಗಿರುತ್ತದೆ ಎಂಬುದು ನನ್ನ ಅನುಭವ. ಆದರೆ ಹಳೆಯದೆಲ್ಲ ಬಂಗಾರವೆಂದು ಹೇಳುವವರ ಗುಂಪಿಗೆ ನನ್ನನ್ನು ಸೇರಿಸಬೇಡಿ. ಅವರು ಕಾರ್ಬನ್ ಹೊಗೆ ಕುಡಿದವರಲ್ಲ. ನನ್ನ ಕೆಮ್ಮು ಇನ್ನೂ ಹೋಗಿಲ್ಲ. ಹಳೆಯ ಕಾಲದಲ್ಲೂ ಕೆಟ್ಟ ಸಿನಿಮಾಗಳು ರಾಶಿರಾಶಿ ಬರುತ್ತಿದ್ದವು. ಅವು ಮರೆತುಹೋಗಿರುವುದರಿಂದ ಆ ಕಾಲ ಚೆನ್ನಾಗಿ ಕಾಣುತ್ತದೆ.

ಕಾರ್ಬನ್ ಹೋಗಿ ದೊಡ್ಡ ಬಲ್ಬು ಬಂತು. ಚಿತ್ರದುರ್ಗಕ್ಕೆ ಬಂದ ಮೇಲೆ ರೀಲೇ ಹೋಯಿತು. ಮೊದಲು ಡಿಸ್ಕಿನಲ್ಲಿ, ಆಮೇಲೆ ಉಪಗ್ರಹದ ಮೂಲಕ ಆಕಾಶದಿಂದಲೇ ಸಿನಿಮಾ ಬರತೊಡಗಿತು. ಕೊನೆಯ ವರ್ಷಗಳಲ್ಲಿ ನಾನು ಮಾಡುತ್ತಿದ್ದದ್ದು ಪಾಸ್‌ವರ್ಡ್ ಹಾಕಿ ಗುಂಡಿ ಒತ್ತುವುದು. ಗೀರಿಲ್ಲದ ಶುದ್ಧ ಚಿತ್ರ, ಮೊದಲ ದಿನ ಹೇಗೋ ಐವತ್ತನೆಯ ದಿನವೂ ಹಾಗೆಯೇ. ಒಳ್ಳೆಯದೇ ಆಯಿತು. ಆದರೆ ಗುಂಡಿ ಒತ್ತಿದ ಮೇಲೆ ಎದ್ದು ಹೋಗಿಬಿಡಬೇಡಿ. ಆಟಕ್ಕೊಮ್ಮೆಯಾದರೂ ಕೆಳಗಿಳಿದು ಕೊನೆಯ ಸಾಲಿನಲ್ಲಿ ನಿಲ್ಲಿ. ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ನೋಡಿ. ವಯಸ್ಸಾದವರು ಕುಳಿತುಕೊಳ್ಳುವ ತನಕ ದೀಪ ಆರಿಸಬೇಡಿ. ಜನ ಫೋನ್ ತೆಗೆದರೆ ಸಿಟ್ಟಾಗಬೇಡಿ, ಯಾವ ದೃಶ್ಯದಲ್ಲಿ ಅದನ್ನು ಒಳಗಿಡುತ್ತಾರೆ ಅನ್ನುವುದನ್ನು ಗಮನಿಸಿ. ಸಿನಿಮಾದ ಬಗ್ಗೆ ಯಾವ ಪತ್ರಿಕೆಯೂ ಹೇಳದ್ದು ಅಲ್ಲಿ ಗೊತ್ತಾಗುತ್ತದೆ.

ನಿವೃತ್ತನಾಗಿ ಊರಿಗೆ ಮರಳಿದ ಮೇಲೆ ಒಂದು ದಿನ ನನ್ನ ಹೆಂಡತಿ ಗೌರಮ್ಮ, “ಒಂದು ಸಿನಿಮಾ ನೋಡ್ಕಂಡು ಬರಾಣ ನಡೀರಿ” ಅಂದಳು. ಅವಳು ಸಿನಿಮಾ ನೋಡದವಳೇನಲ್ಲ. ಆದರೆ ಅವಳು ನೋಡುತ್ತಿದ್ದದ್ದು ನೆರೆಯ ಹೆಂಗಸರ ಜೊತೆ, ಕೆಳಗೆ. ನಾನು ಮೇಲೆ. ಮದುವೆಯಾಗಿ ಇಷ್ಟು ವರ್ಷವಾದರೂ ನಾವು ಪಕ್ಕಪಕ್ಕ ಕೂತು ಒಂದು ಸಿನಿಮಾವನ್ನೂ ನೋಡಿರಲಿಲ್ಲ. ಹಿರಿಯೂರಿನಿಂದ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ ಬೆಳಗಿನ ಆಟಕ್ಕೆ ಕೂತೆವು.

ಮೊದಲ ಹತ್ತು ನಿಮಿಷ ನನ್ನ ಕಣ್ಣು ಪರದೆಯ ಬಲಮೂಲೆಯಲ್ಲೇ ಇತ್ತು. ಸರಿಯಾಗಿ ಹಿಂದೆಲ್ಲ ರೀಲು ಮುಗಿಯುತ್ತಿದ್ದ ಹೊತ್ತಿಗೆ ನನಗೆ ಗೊತ್ತಿಲ್ಲದೆಯೇ ಕೈ ಮೇಲೆದ್ದಿತು. ಗೌರಮ್ಮ ಆ ಕೈ ಹಿಡಿದು ತನ್ನ ತೊಡೆಯ ಮೇಲಿಟ್ಟುಕೊಂಡಳು.

“ಸುಮ್ನೆ ಕುಂತ್ಕಳ್ರಿ. ಅದು ತಾನೇ ಓಡ್ತೈತೆ.”

ಆಮೇಲೆ ನಾನು ಸಿನಿಮಾ ನೋಡಿದೆ. ಅಣ್ಣ ತಂಗಿಯ ಕಥೆ. ತಂಗಿಗೆ ಅನ್ಯಾಯ ಮಾಡಿದ ಅಣ್ಣ ಕೊನೆಯಲ್ಲಿ ಅವಳ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾನೆ, ಅವಳು ಬಾಗಿಲು ತೆಗೆಯುವುದಿಲ್ಲ. ಅಲ್ಲಿಗೆ ಮುಗಿಯಿತು.

ಬಸ್ಸಿನಲ್ಲಿ ಕೂತ ಮೇಲೆ ನಾನು, “ಬಾಗಿಲು ತೆಗೀಬೇಕಿತ್ತು. ಒಡಹುಟ್ಟಿದವನಲ್ವಾ?” ಅಂದೆ.

“ಯಾಕೆ ತೆಗೀಬೇಕು?” ಅಂದಳು ಗೌರಮ್ಮ. “ಅವನು ಬಂದಿದ್ದು ಅವನ ಸಮಾಧಾನಕ್ಕೆ.”

“ಅಷ್ಟು ದೂರದಿಂದ ಬಂದಿದ್ದಾನೆ.”

“ದೂರ ಹೋಗಿದ್ದು ಯಾರು?”

ನಾನು ಬಿಡಲಿಲ್ಲ, ಅವಳೂ ಬಿಡಲಿಲ್ಲ. ಐಮಂಗಲ ದಾಟುವಾಗ ಮುಂದಿನ ಸೀಟಿನ ಹೆಂಗಸು ತಿರುಗಿ, ತಾನೂ ಆ ಸಿನಿಮಾ ನೋಡಿದ್ದೇನೆ, ಅಮ್ಮ ಹೇಳುವುದೇ ಸರಿ ಅಂದಳು. ಹಿರಿಯೂರಿನಲ್ಲಿ ಇಳಿದೆವು. ದಾರಿಯಲ್ಲಿ ಸೊಪ್ಪು ಕೊಂಡೆವು. ಮನೆಯ ಬೀಗ ತೆಗೆಯುವಾಗ ನನಗೆ ಒಂದು ಹೊಸ ವಾದ ಹೊಳೆಯಿತು. ಹೇಳಿದೆ. ಅವಳು ಸೊಪ್ಪಿನ ಕಟ್ಟು ಕೆಳಗಿಟ್ಟು, ಹೊಸ್ತಿಲ ಮೇಲೆಯೇ ಕೂತು, “ಹಂಗಾರೆ ಮೊದಲಿಂದ ಹೇಳ್ತೀನಿ ಕೇಳ್ರಿ” ಎಂದು ಶುರುಮಾಡಿದಳು.